ಪ್ರೋಗ್ರಾಮಿಂಗ್ ಕಲಿಯಲು ಮೊದಲ ಭಾಷೆ ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ತಾಲ್ಲೂಕು ಕೇಂದ್ರವೊಂದರಲ್ಲಿ ಸಂಜೆ ಹೊತ್ತು ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಪಿಯುಸಿ ಮುಗಿಸಿದವರು, ಡಿಪ್ಲೊಮಾ ಓದುತ್ತಿರುವವರು, ಅಂಗಡಿ ಬಾಗಿಲು ಹಾಕಿ ಬರುವವರು, ಮಕ್ಕಳನ್ನು ಬಿಡಲು ಬಂದು ತಾವೂ ಹಿಂದಿನ ಬೆಂಚಿನಲ್ಲಿ ಕುಳಿತುಬಿಡುವ ತಾಯಂದಿರು, ಹೀಗೆ ಎಲ್ಲರೂ ಬರುತ್ತಾರೆ. ಮೊದಲ ದಿನ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವವೇ. ಅವುಗಳಿಗೆ ನಾನು ಕೊಡುವ ಉತ್ತರಗಳು ಇಲ್ಲಿವೆ.

ಸುತ್ತುಬಳಸು ಬೇಡ, ಒಂದೇ ಮಾತಿನಲ್ಲಿ ಹೇಳಿ. ಯಾವುದರಿಂದ ಶುರು ಮಾಡಲಿ?

ಪೈಥಾನ್.

ಆದರೆ ಅದಕ್ಕೂ ಮೊದಲು ನಾನೊಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಕಾಲೇಜಿನಲ್ಲೋ, ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರೂ ಬೇಸರಿಸದೆ ನೀವು ಬರೆದದ್ದನ್ನು ನೋಡಿ ‘ತಪ್ಪು ಇಲ್ಲಿದೆ’ ಎಂದು ಬೆರಳಿಟ್ಟು ತೋರಿಸಬಲ್ಲವರು ಇದ್ದಾರೆಯೇ? ಇದ್ದರೆ ಅವರಿಗೆ ಬರುವ ಭಾಷೆಯೇ ನಿಮ್ಮ ಮೊದಲ ಭಾಷೆ. ಅದು ಸಿ ಆಗಿರಲಿ, ಜಾವಾ ಆಗಿರಲಿ, ಚಿಂತೆಯಿಲ್ಲ. ಭಾಷೆ ಕಷ್ಟವೆಂದು ಕಲಿಕೆ ಬಿಟ್ಟವರನ್ನು ನಾನು ಕಂಡದ್ದು ಕಡಿಮೆ. ಒಂದು ಆವರಣ ಚಿಹ್ನೆ ಮುಚ್ಚಲು ಮರೆತು, ಎರಡು ದಿನ ಒದ್ದಾಡಿ, ಕೇಳಲು ಯಾರೂ ಸಿಗದೆ ಕೈಬಿಟ್ಟವರೇ ಹೆಚ್ಚು. ಹತ್ತಿರದಲ್ಲಿ ಅಂಥವರು ಯಾರೂ ಇಲ್ಲದಿದ್ದರೆ, ಪೈಥಾನ್.

ಪೈಥಾನ್ ಏಕೆ? ಸುಲಭ ಎಂದೇ?

ಸುಲಭ ಎಂಬುದು ಅರ್ಧ ಉತ್ತರ. ಪೈಥಾನನ್ನು ರೂಪಿಸಿದವರು ನೆದರ್ಲೆಂಡ್ಸ್‌ನ ಗಿಡೊ ವ್ಯಾನ್ ರಾಸಮ್. 1989ರ ಕ್ರಿಸ್‌ಮಸ್ ರಜೆಯಲ್ಲಿ ಕೈಹಚ್ಚಿದ ಕೆಲಸ 1991ರಲ್ಲಿ ಹೊರಬಂತು. ಅದಕ್ಕೆ ಮೊದಲು ಅವರು ಹೊಸಬರಿಗೆಂದೇ ಮಾಡಿದ ಎಬಿಸಿ ಎಂಬ ಭಾಷೆಯ ತಂಡದಲ್ಲಿದ್ದರು. ಅಲ್ಲಿ ಕಲಿತದ್ದು ಪೈಥಾನಿನಲ್ಲಿ ಎದ್ದು ಕಾಣುತ್ತದೆ. (ಹೆಸರು ಬಂದದ್ದು ಹಾವಿನಿಂದ ಅಲ್ಲ, ಬ್ರಿಟನ್ನಿನ ಒಂದು ಹಾಸ್ಯ ತಂಡದಿಂದ. ಚಿಹ್ನೆಯಲ್ಲಿ ಹಾವುಗಳಿರುವುದರಿಂದ ಈ ಮಾತನ್ನು ಯಾರೂ ನಂಬುವುದಿಲ್ಲ.)

ಇನ್ನರ್ಧ ಉತ್ತರಕ್ಕೆ ನನ್ನ ತರಗತಿಯದೇ ಒಂದು ಸಂಗತಿ ಹೇಳುತ್ತೇನೆ. ಒಬ್ಬ ಹುಡುಗಿಯ ಮನೆಯಿಂದ ದಿನಾ ಡೇರಿಗೆ ಹಾಲು ಹೋಗುತ್ತದೆ. ಬಟವಾಡೆಯ ಲೆಕ್ಕ ಸರಿಯಿದೆಯೇ ಎಂದು ತಾನೇ ನೋಡಬೇಕೆಂಬುದು ಅವಳ ಆಸೆ. ಎರಡನೇ ವಾರದಲ್ಲೇ ಬರೆದಳು: ಎಷ್ಟು ಲೀಟರ್ ಎಂದು ಪ್ರೋಗ್ರಾಂ ಕೇಳಬೇಕು, ಅದನ್ನು 35 ರೂಪಾಯಿಯಿಂದ ಗುಣಿಸಬೇಕು, ಉತ್ತರ ತೋರಿಸಬೇಕು. 12 ಎಂದು ಒತ್ತಿದಳು. ಪರದೆಯ ಮೇಲೆ 121212121212 ಎಂದು ಶುರುವಾದ ಸಂಖ್ಯೆ ಸಾಲಿನ ಕೊನೆ ಮುಟ್ಟಿತು. ಎಣಿಸಿದೆವು: 70 ಅಂಕಿಗಳು. ‘ಮೇಡಂ, ಡೇರಿಯವರು ಇಷ್ಟು ಕೊಡುವುದಿಲ್ಲ’ ಎಂದಳು. ತರಗತಿಯೆಲ್ಲ ನಕ್ಕಿತು.

ಆದದ್ದು ಇಷ್ಟೇ. ಕೀಲಿಮಣೆಯಿಂದ ಬಂದದ್ದನ್ನೆಲ್ಲ ಪೈಥಾನ್ ಪಠ್ಯ ಎಂದೇ ತಿಳಿಯುತ್ತದೆ. ಅದರ ಕಣ್ಣಿಗೆ ಆ 12 ಸಂಖ್ಯೆಯಲ್ಲ, ಒಂದು ಮತ್ತು ಎರಡು ಎಂಬ ಎರಡು ಅಕ್ಷರ. ಅಕ್ಷರವನ್ನು 35ರಿಂದ ಗುಣಿಸು ಎಂದರೆ 35 ಸಲ ಬರೆದು ತೋರಿಸಿತು. ಸಂಖ್ಯೆಯಾಗಿ ಬದಲಿಸು ಎಂದು ಒಂದು ಪದ ಸೇರಿಸಿದ ಮೇಲೆ 420 ಬಂತು. ಮರುದಿನ ಹನ್ನೆರಡೂವರೆ ಲೀಟರ್ ಕೊಟ್ಟಾಗ ಪ್ರೋಗ್ರಾಂ ಮತ್ತೆ ನಿಂತಿತು. ಪೂರ್ಣಾಂಕ ಬೇರೆ, ದಶಮಾಂಶ ಬೇರೆ ಎಂಬ ಪಾಠ ಆವತ್ತಿಗೆ ಆಯಿತು. ಪುಸ್ತಕದಲ್ಲಿ ‘ಡೇಟಾ ಟೈಪ್’ ಎಂಬ ಅಧ್ಯಾಯ ಓದಿ ಮರೆತವರಿದ್ದಾರೆ. ಈ ಹುಡುಗಿ ಮರೆಯಲಾರಳು.

ಅದೇ ತಪ್ಪನ್ನು ಬೇರೆ ಭಾಷೆಯಲ್ಲಿ ಮಾಡಿದ್ದರೆ?

ಭಾಷೆ ಆರಿಸುವವರು ಕೇಳಬೇಕಾದ ಪ್ರಶ್ನೆ ಇದು. ಯಾರೂ ಕೇಳುವುದಿಲ್ಲ, ಹಾಗಾಗಿ ನಾನೇ ಸೇರಿಸಿದ್ದೇನೆ.

ಜಾವಾಸ್ಕ್ರಿಪ್ಟ್ ಆಗಿದ್ದರೆ ಗುಣಾಕಾರದಲ್ಲಿ ತಾನೇ ಊಹಿಸಿಕೊಂಡು 420 ಎಂದು ಸರಿಯಾದ ಉತ್ತರವನ್ನೇ ಕೊಡುತ್ತಿತ್ತು. ಅವಳು ಖುಷಿಯಿಂದ ಮುಂದೆ ಹೋಗಿ, ಸಂಜೆಯ 5 ಲೀಟರ್ ಕೂಡಿಸಲು ನೋಡಿದ್ದರೆ 17ರ ಬದಲು 125 ಬರುತ್ತಿತ್ತು. ಗುಣಿಸುವಾಗ ಸಂಖ್ಯೆ, ಕೂಡಿಸುವಾಗ ಅಕ್ಷರ! ಎಲ್ಲಿಯೂ ಎಚ್ಚರಿಕೆಯಿಲ್ಲ, ಒಂದು ಕೆಂಪು ಗೆರೆಯೂ ಇಲ್ಲ. ಪೈಥಾನ್ ಆ ಕೂಡಿಸುವ ಸಾಲಿನಲ್ಲೇ ನಿಂತು, ಸಾಲಿನ ಸಂಖ್ಯೆ ಹೇಳಿ, ಅಕ್ಷರಕ್ಕೆ ಅಂಕಿ ಕೂಡಿಸಲಾರೆ ಎಂದು ಹಟ ಹಿಡಿಯುತ್ತದೆ.

ಸಿ ಆಗಿದ್ದರೆ ಕಥೆಯೇ ಬೇರೆ. ಅಲ್ಲಿ ಯಾವುದು ಸಂಖ್ಯೆ ಎಂದು ಮೊದಲೇ ಬರೆದುಕೊಡಬೇಕು, ಆದ್ದರಿಂದ ಈ ತಪ್ಪು ಆಗುತ್ತಲೇ ಇರಲಿಲ್ಲ. ಆದರೆ ಸಂಖ್ಯೆಯನ್ನು ಓದಿಕೊಳ್ಳುವ ಸಾಲಿನಲ್ಲಿ ಹೆಸರಿಗೆ ಮೊದಲು ‘ಆಂಪರ್ಸಂಡ್’ (&) ಎಂಬ ಸಣ್ಣ ಚಿಹ್ನೆ ಹಾಕುವುದನ್ನು ಮರೆತರೆ, ಪ್ರೋಗ್ರಾಂ ಒಂದು ಮಾತೂ ಹೇಳದೆ ಸತ್ತುಬೀಳಬಹುದು. ಏಕೆ ಎಂದು ತಿಳಿಯಬೇಕಾದರೆ ಮೆಮೊರಿಯ ವಿಳಾಸ ಎಂದರೇನೆಂದು ಗೊತ್ತಿರಬೇಕು. ಎರಡನೇ ವಾರದಲ್ಲಿ ಅದನ್ನು ಯಾರಿಗೆ ಹೇಗೆ ವಿವರಿಸುವುದು?

ತಪ್ಪು ಎಲ್ಲರೂ ಮಾಡುತ್ತಾರೆ. ತಪ್ಪಾದಾಗ ಭಾಷೆ ನಿಮ್ಮ ಜೊತೆ ಹೇಗೆ ಮಾತನಾಡುತ್ತದೆ ಎಂಬುದನ್ನು ನೋಡಿಯೇ ನಾನು ಪೈಥಾನ್ ಹೇಳುವುದು.

ನಮ್ಮ ಕಾಲೇಜಿನಲ್ಲಿ ಸಿ ಇದೆ. ಪೈಥಾನ್ ಕಲಿತರೆ ಪರೀಕ್ಷೆಯ ಗತಿ?

ಹಾಗಾದರೆ ಸಿ ಕಲಿಯಿರಿ. ವಿಟಿಯು ವ್ಯಾಪ್ತಿಯ ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಸಿ ವರ್ಷಾನುಗಟ್ಟಲೆ ಪಾಠವಾಗಿದೆ. ಪಕ್ಕದಲ್ಲಿ ಅದನ್ನೇ ಓದುತ್ತಿರುವ ಅರವತ್ತು ಜನ, ಒಂದು ಲ್ಯಾಬ್, ಒಬ್ಬ ಅಧ್ಯಾಪಕರು ಇರುತ್ತಾರೆ. ಇಷ್ಟು ನೆರವು ಇರುವಾಗ ಅದನ್ನು ಬಿಟ್ಟು ಒಂಟಿಯಾಗಿ ಇನ್ನೊಂದು ಭಾಷೆಯ ಹಿಂದೆ ಹೋಗುವುದು ಜಾಣತನವಲ್ಲ. ಲ್ಯಾಬ್ ರೆಕಾರ್ಡಿನ ಪ್ರೋಗ್ರಾಂಗಳನ್ನು ಬಾಯಿಪಾಠ ಮಾಡದಿದ್ದರೆ ಸಾಕು. ಬಾಯಿಪಾಠ ಮಾಡಿದವರನ್ನು ಗುರುತಿಸುವುದು ಸುಲಭ: ಆರೋಹಣ ಕ್ರಮದ ಪ್ರೋಗ್ರಾಂ ಬರೆಯುತ್ತಾರೆ, ಅವರೋಹಣ ಮಾಡಿ ಎಂದರೆ ಕೈಕಟ್ಟಿ ನಿಲ್ಲುತ್ತಾರೆ. ಬದಲಾಗಬೇಕಾದದ್ದು ಒಂದೇ ಒಂದು ಚಿಹ್ನೆ.

ಸಿ ಬರೆಯಲು ಆ ನೀಲಿ ಪರದೆಯ ಟರ್ಬೊ ಸಿ ಸಾಕಲ್ಲವೇ?

ದಯವಿಟ್ಟು ಬೇಡ. ಬೋರ್ಲೆಂಡ್ ಕಂಪನಿ ಟರ್ಬೊ ಸಿ ತಂದದ್ದು 1987ರಲ್ಲಿ, ಡಾಸ್ ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆಯ ಕಾಲಕ್ಕೆ. ಇಂದಿನ ವಿಂಡೋಸ್‌ನಲ್ಲಿ ಅದು ನೇರವಾಗಿ ಓಡುವುದೂ ಇಲ್ಲ, ಡಾಸ್‌ಬಾಕ್ಸ್ ಎಂಬ ಪೆಟ್ಟಿಗೆಯೊಳಗೆ ಕೂರಿಸಿ ಓಡಿಸುತ್ತಾರೆ. ಆದರೂ ನಮ್ಮ ಕಡೆಯ ಎಷ್ಟೋ ಲ್ಯಾಬ್‌ಗಳಲ್ಲಿ ಅದನ್ನು ಕುಲದೇವರಂತೆ ಉಳಿಸಿಕೊಂಡಿದ್ದಾರೆ.

ಹಳೆಯದು ಎಂಬುದಷ್ಟೇ ನನ್ನ ತಕರಾರಲ್ಲ. ಸಂಬಳದ ಲೆಕ್ಕ ಬರೆಯುತ್ತಿದ್ದ ಹುಡುಗನೊಬ್ಬ 40000 ಕೊಟ್ಟ, ಪರದೆ −25536 ತೋರಿಸಿತು. ಟರ್ಬೊ ಸಿಯಲ್ಲಿ ಪೂರ್ಣಾಂಕಕ್ಕೆ 16 ಬಿಟ್ ಜಾಗ ಮಾತ್ರ, 32767ರ ಆಚೆ ಹೋದರೆ ಮೀಟರ್ ತಿರುಗಿ ಋಣ ಸಂಖ್ಯೆಗೆ ಬೀಳುತ್ತದೆ. ಇಂದಿನ ಕಂಪೈಲರ್‌ಗಳಲ್ಲಿ (ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶಗಳಲ್ಲಿ) ಸಾಮಾನ್ಯವಾಗಿ 32 ಬಿಟ್ ಇರುತ್ತದೆ, ಇನ್ನೂರು ಕೋಟಿ ದಾಟುವವರೆಗೆ ತೊಂದರೆಯಿಲ್ಲ. ತಪ್ಪು ಹುಡುಗನದಲ್ಲ, ಉಪಕರಣದ್ದು. ಮೊದಲ ಸೆಮಿಸ್ಟರಿನಲ್ಲಿ ಆ ವ್ಯತ್ಯಾಸ ತಿಳಿಯುವುದು ಹೇಗೆ? ತನಗೇ ತಲೆ ಓಡುವುದಿಲ್ಲ ಎಂದುಕೊಂಡು ಆತ ಒಂದು ವಾರ ತರಗತಿಗೆ ಬರಲಿಲ್ಲ. ಸಿ ಬರೆಯಲು ಕೋಡ್ ಬ್ಲಾಕ್ಸ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಜಿಸಿಸಿ ಕಂಪೈಲರ್ ಸೇರಿರುವ ಆವೃತ್ತಿಯನ್ನೇ ಇಳಿಸಿಕೊಳ್ಳಿ.

ಸಿ ಕಲಿಯದಿದ್ದರೆ ಅಡಿಪಾಯ ಗಟ್ಟಿಯಾಗುವುದಿಲ್ಲ ಎನ್ನುತ್ತಾರಲ್ಲ?

ಈ ಜಗಳ ಬಹಳ ಹಳೆಯದು. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕೆಮೆನಿ ಮತ್ತು ಕರ್ಟ್ಜ್ ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಬಳಸಲಿ ಎಂದು ಬೇಸಿಕ್ ಭಾಷೆ ಮಾಡಿದರು. 1970ರ ಹೊತ್ತಿಗೆ ನಿಕ್ಲಾಸ್ ವಿರ್ಟ್ ಶಿಸ್ತಾಗಿ ಕಲಿಸಲೆಂದು ಪ್ಯಾಸ್ಕಲ್ ತಂದರು. 1975ರಲ್ಲಿ ಡಚ್ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಅವರು, ಬೇಸಿಕ್ ಕಲಿತ ವಿದ್ಯಾರ್ಥಿಗಳ ಬುದ್ಧಿ ಮತ್ತೆ ಸರಿಯಾಗದಷ್ಟು ಕೆಟ್ಟಿರುತ್ತದೆ ಎಂಬರ್ಥದ ಮಾತು ಬರೆದರು. ಅದೇ ಬೇಸಿಕ್ ಕಲಿತು ಬೆಳೆದ ತಲೆಮಾರೊಂದು ಆಮೇಲೆ ಜಗತ್ತಿನ ಅರ್ಧ ಸಾಫ್ಟ್‌ವೇರ್ ಉದ್ಯಮವನ್ನು ಕಟ್ಟಿತು.

ಸಿ ಕಲಿತರೆ ಲಾಭವಿದೆ, ಅಲ್ಲಗಳೆಯುವುದಿಲ್ಲ. 1972ರ ಸುಮಾರಿಗೆ ಡೆನ್ನಿಸ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ ಅದನ್ನು ಮಾಡಿದ್ದೇ ಯೂನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಬರೆಯಲು. ಯಂತ್ರದ ಮೆಮೊರಿ ಹೇಗೆ ಜೋಡಿಸಿಕೊಂಡಿದೆ ಎಂಬುದನ್ನು ಅದು ಮರೆಮಾಚುವುದಿಲ್ಲ. ಎಲ್ಲರೂ ಬಳಸುವ ಪೈಥಾನ್ ಕೂಡ ಸಿಯಲ್ಲೇ ಬರೆದದ್ದು. ಆದರೆ ಅಡುಗೆ ಕಲಿಯುವವರಿಗೆ ಮೊದಲ ದಿನವೇ ಒಲೆ ಹಾಕುವುದನ್ನು ಹೇಳಿಕೊಡಬೇಕೇ? ಸಾರು ಕುದಿಸಲು ಬಂದ ಮೇಲೆ ಒಲೆಯ ಬಗ್ಗೆ ಕುತೂಹಲ ತಾನಾಗಿ ಬರುತ್ತದೆ.

ಜಾವಾ ಕಲಿತರೆ ಬೇಗ ಕೆಲಸ ಸಿಗುತ್ತದಂತೆ?

ಬ್ಯಾಂಕು, ವಿಮೆ, ದೊಡ್ಡ ಕಂಪನಿಗಳ ಹಿನ್ನೆಲೆಯ ವ್ಯವಸ್ಥೆಗಳಲ್ಲಿ ಜಾವಾ ಬೇರೂರಿದೆ, ನಿಜ. ಆಂಡ್ರಾಯ್ಡ್ ಆ್ಯಪ್‌ಗಳಿಗೆ ಮಾತ್ರ 2019ರಿಂದ ಗೂಗಲ್ ಮೊದಲು ಹೇಳುವುದು ಕಾಟ್ಲಿನ್ ಭಾಷೆಯನ್ನು. ಆದರೆ ಹೊಸಬರನ್ನು ಆರಿಸುವ ಆನ್‌ಲೈನ್ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ನಾಲ್ಕಾರು ಭಾಷೆಗಳ ಆಯ್ಕೆ ಇರುತ್ತದೆ. ಅಲ್ಲಿ ಎಡವುವವರು ಭಾಷೆ ಬಾರದೆ ಎಡವುವುದಿಲ್ಲ, ಸಮಸ್ಯೆಯನ್ನು ತುಂಡು ಮಾಡಲು ಬಾರದೆ ಎಡವುತ್ತಾರೆ.

ಮೊದಲ ಭಾಷೆಯಾಗಿ ಜಾವಾದ ತೊಂದರೆ ಒಂದೇ. ‘ನಮಸ್ಕಾರ’ ಎಂದು ಪರದೆಗೆ ಬರಿಸಲು ಕ್ಲಾಸ್, ಪಬ್ಲಿಕ್, ಸ್ಟ್ಯಾಟಿಕ್, ವಾಯ್ಡ್ ಎಂದು ಮಂತ್ರ ಹೇಳಬೇಕಾಗುತ್ತಿತ್ತು. ‘ಈಗ ಹೀಗೇ ಬರೆಯಿರಿ, ಅರ್ಥ ಆಮೇಲೆ’ ಎಂದು ಹೇಳಿ ಹೇಳಿ ನನಗೇ ಸಾಕಾಗಿತ್ತು. 2025ರ ಜಾವಾ 25ರಲ್ಲಿ ಈ ಪೀಠಿಕೆಯನ್ನು ಕಡಿಮೆ ಮಾಡಿದ್ದಾರೆ, ಆದರೆ ಕಾಲೇಜಿನ ಲ್ಯಾಬ್‌ಗೆ ಅದು ಬರಲು ಕಾಲ ಹಿಡಿಯುತ್ತದೆ.

ಜಾವಾ, ಜಾವಾಸ್ಕ್ರಿಪ್ಟ್ ಎರಡೂ ಒಂದೇ ಅಲ್ಲವೇ?

ಕಡಲೆಗೂ ಕಡಲಿಗೂ ಇರುವಷ್ಟೇ ನಂಟು. 1995ರಲ್ಲಿ ಜಾವಾ ಹೆಸರು ಮಾಡಿತ್ತು, ನೆಟ್‌ಸ್ಕೇಪ್ ಕಂಪನಿ ತನ್ನ ಹೊಸ ಭಾಷೆಗೆ ಆ ಹೆಸರಿನ ಬಲ ಪಡೆಯಿತು.

ನನಗೆ ಬೇಕಾಗಿರುವುದು ವೆಬ್‌ಸೈಟ್ ಮಾಡುವುದು ಮಾತ್ರ.

ಹಾಗಿದ್ದರೆ ಪೈಥಾನ್ ಬಿಟ್ಟು ಜಾವಾಸ್ಕ್ರಿಪ್ಟ್‌ಗೆ ಹೋಗಿ. ಕಂಪ್ಯೂಟರಿನಲ್ಲಿರುವ ಬ್ರೌಸರ್‌ನಲ್ಲಿ ಎಫ್12 ಒತ್ತಿದರೆ ಬರೆಯುವ ಜಾಗ ತೆರೆದುಕೊಳ್ಳುತ್ತದೆ, ಏನನ್ನೂ ಹಾಕಿಕೊಳ್ಳಬೇಕಿಲ್ಲ. ಬ್ರೆಂಡನ್ ಐಕ್ ಅದರ ಮೊದಲ ರೂಪವನ್ನು ಹತ್ತು ದಿನಗಳಲ್ಲಿ ಮಾಡಿದರು, ಆ ಅವಸರದ ಗುರುತುಗಳು ಇಂದಿಗೂ ಉಳಿದಿವೆ. ಮೇಲೆ ಹೇಳಿದ 125ರ ಕಥೆಯನ್ನು ನೆನಪಿಟ್ಟುಕೊಂಡರೆ ಸಾಕು. ಜೊತೆಗೆ ಎಚ್‌ಟಿಎಂಎಲ್, ಸಿಎಸ್‌ಎಸ್ ಬೇಕು. ಅವು ಪ್ರೋಗ್ರಾಮಿಂಗ್ ಭಾಷೆಗಳಲ್ಲ, ಪುಟದ ಅಂಗಾಂಗ ಮತ್ತು ಅಲಂಕಾರ.

ಮಗಳು ಆರನೇ ತರಗತಿ. ಅವಳಿಗೂ ಪೈಥಾನೇ?

ಸ್ಕ್ರ್ಯಾಚ್‌ನಿಂದ ಶುರು ಮಾಡಿಸಿ. ಅಮೆರಿಕದ ಎಂಐಟಿಯವರು 2007ರಲ್ಲಿ ತಂದದ್ದು, ಉಚಿತ. ಟೈಪ್ ಮಾಡುವ ಬದಲು ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸುತ್ತಾ ಹೋದರೆ ಪರದೆಯ ಮೇಲಿನ ಬೆಕ್ಕು ಓಡುತ್ತದೆ, ಹಾರುತ್ತದೆ. ಸಿಕ್ಕಿಕೊಳ್ಳದ ತುಂಡು ಸಿಕ್ಕಿಕೊಳ್ಳುವುದೇ ಇಲ್ಲ, ಆದ್ದರಿಂದ ಆವರಣ ಮರೆತ ಗೋಳಿಲ್ಲ. ಬೆಕ್ಕು ಬೇಸರವಾಗಿ, ‘ಇದರಲ್ಲಿ ಅದು ಆಗುವುದಿಲ್ಲವೇ’ ಎಂದು ಅವಳೇ ಕೇಳತೊಡಗಿದಾಗ ಪೈಥಾನ್ ತೋರಿಸಿ. ಪಕ್ಕದ ಮನೆಯ ಹುಡುಗ ಈಗಾಗಲೇ ಜಾವಾ ಕಲಿತಿದ್ದಾನೆ ಎಂಬುದು ಕಾರಣವಾಗಬಾರದು.

ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಕನ್ನಡದಲ್ಲಿ ಪ್ರೋಗ್ರಾಂ ಬರೆಯಬಹುದೇ?

ನೀವು ಅಂದುಕೊಂಡಿರುವುದಕ್ಕಿಂತ ಹೆಚ್ಚು ಬರೆಯಬಹುದು. 2008ರಲ್ಲಿ ಬಂದ ಪೈಥಾನ್ 3 ಯೂನಿಕೋಡ್ (ಕನ್ನಡವೂ ಸೇರಿ ಜಗತ್ತಿನ ಲಿಪಿಗಳಿಗೆ ಇರುವ ಒಂದೇ ಸಂಕೇತ ಪದ್ಧತಿ) ಅಕ್ಷರಗಳ ಹೆಸರುಗಳನ್ನು ಒಪ್ಪುತ್ತದೆ. ಕೆಳಗಿನ ಮೂರು ಸಾಲು ಇದ್ದದ್ದು ಇದ್ದ ಹಾಗೆ ಓಡುತ್ತವೆ:

ಹಾಲು = 12
ದರ = 35
ಒಟ್ಟು = ಹಾಲು * ದರ

ಇಂಗ್ಲಿಷಿನಲ್ಲೇ ಉಳಿಯುವುದು ಮೀಸಲು ಪದಗಳು, 35 ಇವೆ. ಆರಂಭದಲ್ಲಿ ಅದರಲ್ಲಿ ಹತ್ತು ಹನ್ನೆರಡು ಸಾಕು. ಅವುಗಳ ಜೊತೆಗೆ ದೋಷ ಸಂದೇಶಗಳ ಇಂಗ್ಲಿಷ್ ಬೇಕಾಗುತ್ತದೆ. ಅದು ಕಥೆ ಪುಸ್ತಕದ ಇಂಗ್ಲಿಷ್ ಅಲ್ಲ, ಅವವೇ ಇಪ್ಪತ್ತು ವಾಕ್ಯ ಮತ್ತೆ ಮತ್ತೆ ಬರುತ್ತವೆ. ನನ್ನ ವಿದ್ಯಾರ್ಥಿಗಳು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅವುಗಳನ್ನು ಕನ್ನಡ ಅರ್ಥದೊಂದಿಗೆ ಬರೆದಿಟ್ಟುಕೊಳ್ಳುತ್ತಾರೆ. ಒಂದು ಎಚ್ಚರಿಕೆ: ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದರೆ ನಡೆಯುವುದಿಲ್ಲ, ಯೂನಿಕೋಡ್ ಆಯ್ಕೆಯನ್ನೇ ಹಾಕಿಕೊಳ್ಳಿ.

ಕನ್ನಡ ಅಂಕಿಗಳ ವಿಷಯವೂ ಸೊಗಸಾಗಿದೆ. ೪೦ ಎಂದು ಕೀಲಿಮಣೆಯಿಂದ ಕೊಟ್ಟು ಸಂಖ್ಯೆಯಾಗಿ ಬದಲಿಸು ಎಂದರೆ ಪೈಥಾನ್ ತಕರಾರಿಲ್ಲದೆ 40 ಎಂದು ಓದಿಕೊಳ್ಳುತ್ತದೆ. ಜಾವಾಸ್ಕ್ರಿಪ್ಟ್ ಅದು ಸಂಖ್ಯೆಯೇ ಅಲ್ಲ ಎನ್ನುತ್ತದೆ.

ಇನ್ನು ನನಗೆ ಬಹಳ ಇಷ್ಟವಾದ ಪಾಠ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಪದವನ್ನು ಕಂಡುಹಿಡಿಯುವ ಪ್ರೋಗ್ರಾಂ ಎಲ್ಲ ಲ್ಯಾಬ್‌ಗಳಲ್ಲೂ ಇರುತ್ತದೆ. ಅದಕ್ಕೆ ‘ಕನಕ’ ಕೊಟ್ಟರೆ ಹೌದು ಎನ್ನುತ್ತದೆ. ‘ವಿಕಟಕವಿ’ ಕೊಟ್ಟರೆ ಅಲ್ಲ ಎನ್ನುತ್ತದೆ! ತೆನಾಲಿ ರಾಮನ ಬಿರುದನ್ನೇ ತಳ್ಳಿಹಾಕಿದ ಯಂತ್ರದ ಮೇಲೆ ಮೊದಲು ಎಲ್ಲರಿಗೂ ಸಿಟ್ಟು ಬರುತ್ತದೆ. ಕಾರಣ ಇದು: ನಮಗೆ ‘ವಿ’ ಒಂದು ಅಕ್ಷರ, ಕಂಪ್ಯೂಟರಿಗೆ ‘ವ’ ಒಂದು, ಅದರ ಗುಡಿಸು ಇನ್ನೊಂದು. ತಿರುಗಿಸಿದಾಗ ಗುಡಿಸು ಮುಂದೆ ಬಂದು ಆಸರೆಯಿಲ್ಲದೆ ನಿಲ್ಲುತ್ತದೆ. ‘ಕನ್ನಡ’ ಎಂಬ ಪದದ ಉದ್ದ ಕೇಳಿದರೂ ಹಾಗೆಯೇ, 3 ಅಲ್ಲ, 5 ಎನ್ನುತ್ತದೆ: ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ. ಸಿಯಲ್ಲಿ ಕೇಳಿದರೆ 15 ಬರುತ್ತದೆ, ಏಕೆಂದರೆ ಅದು ಎಣಿಸುವುದು ಬೈಟ್‌ಗಳನ್ನು, ಅಂದರೆ ಮೆಮೊರಿಯ ಸಣ್ಣ ಘಟಕಗಳನ್ನು. ಯೂನಿಕೋಡ್ ಅಕ್ಷರಗಳನ್ನು ಉಳಿಸಲು ಈಗ ಎಲ್ಲೆಡೆ ಬಳಸುವ ಯುಟಿಎಫ್-8 ಎಂಬ ಕ್ರಮದಲ್ಲಿ ಇವುಗಳಲ್ಲಿ ಪ್ರತಿಯೊಂದಕ್ಕೂ ಮೂರು ಬೈಟ್ ಬೇಕು. ವಿಕಟಕವಿಯನ್ನು ಗೆಲ್ಲಿಸುವ ಪ್ರೋಗ್ರಾಂ ಬರೆದವರಿಗೆ ನಾನು ಬೇರೆ ಪರೀಕ್ಷೆ ಮಾಡುವುದಿಲ್ಲ.

ಗಣಿತದಲ್ಲಿ ಹಿಂದೆ ಇದ್ದೇನೆ.

ಕೂಡುವುದು, ಕಳೆಯುವುದು, ಶೇಕಡಾ ಲೆಕ್ಕ, ಶೇಷ ತೆಗೆಯುವುದು ಬಂದರೆ ಆರು ತಿಂಗಳಿಗೆ ಸಾಕು. ಆಟದ ಗ್ರಾಫಿಕ್ಸ್, ಯಂತ್ರ ಕಲಿಕೆ ಎಂದು ಹೊರಟಾಗ ಹೆಚ್ಚಿನದು ಬೇಕಾಗುತ್ತದೆ, ಆಗ ನೋಡೋಣ.

ಲ್ಯಾಪ್‌ಟಾಪ್ ಇಲ್ಲ. ಮೊಬೈಲ್‌ನಲ್ಲಿ ಆಗುತ್ತದೆಯೇ?

ಶುರು ಮಾಡಲು ಆಗುತ್ತದೆ. ಆಂಡ್ರಾಯ್ಡ್‌ನಲ್ಲಿ ಪೈಡ್ರಾಯ್ಡ್ 3 ಎಂಬ ಆ್ಯಪ್ ಇದೆ, ಇಂಟರ್‌ನೆಟ್ ಇಲ್ಲದೆಯೂ ಪೈಥಾನ್ ಓಡಿಸುತ್ತದೆ. ಕಾಡುವುದು ಟೈಪಿಂಗ್: ಒಂದೊಂದು ಆವರಣಕ್ಕೂ ಕೀಲಿಮಣೆಯ ಪುಟ ಬದಲಿಸಬೇಕು. ಓಟಿಜಿ ತಂತಿ ಹಾಕಿ ಹಳೆಯ ಯುಎಸ್‌ಬಿ ಕೀಲಿಮಣೆ ಜೋಡಿಸಿದರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ. ನನ್ನ ತರಗತಿಯ ಇಬ್ಬರು ಹೀಗೆಯೇ ಮೂರು ತಿಂಗಳು ಕಲಿತರು.

ಲ್ಯಾಪ್‌ಟಾಪ್ ಕೊಳ್ಳುವುದಾದರೆ ಹಳೆಯದೇ ಸಾಕು, 4 ಜಿಬಿ ರ‍್ಯಾಮ್ ಇದ್ದರೂ ನಡೆಯುತ್ತದೆ. ವಿಂಡೋಸ್ 7 ಇದ್ದರೆ ಪೈಥಾನ್ 3.8 ಹಾಕಿಕೊಳ್ಳಿ, ಅದಕ್ಕಿಂತ ಹೊಸದು ಅದರಲ್ಲಿ ಓಡುವುದಿಲ್ಲ.

ಹಣ ಕೊಟ್ಟು ಕೋರ್ಸ್ ಸೇರಲೇ?

ಮೊದಲ ಮೂರು ತಿಂಗಳಿಗೆ ಬೇಡ. ಐಐಟಿಗಳ ಎನ್‌ಪಿಟಿಇಎಲ್ ಪಾಠಗಳನ್ನು ಉಚಿತವಾಗಿ ನೋಡಬಹುದು, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡ ಧ್ವನಿಯ ಪಾಠಗಳೂ ಇವೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಾಲ ಮಾಡಿ, ನಲವತ್ತೈದು ದಿನಗಳಲ್ಲಿ ಎಲ್ಲವನ್ನೂ ಕಲಿಸಿ ಕೆಲಸವನ್ನೂ ಕೊಡಿಸುತ್ತೇವೆ ಎಂದ ಒಂದು ಸಂಸ್ಥೆಗೆ ಸೇರಿದ. ಆರು ಭಾಷೆಗಳ ಹೆಸರಿರುವ ಪ್ರಮಾಣಪತ್ರದೊಂದಿಗೆ ವಾಪಸ್ ಬಂದ. ಆರರಲ್ಲಿ ಒಂದರಲ್ಲೂ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲುಗಳು) ಬರೆಯಲು ಬರುತ್ತಿರಲಿಲ್ಲ.

ಎಐ ತಾನೇ ಬರೆದುಕೊಡುತ್ತದೆ. ಇನ್ನು ಕಲಿತು ಏನು ಉಪಯೋಗ?

ಈಗ ದಿನಕ್ಕೆ ಎರಡು ಸಲ ಕೇಳುವ ಪ್ರಶ್ನೆ. ಹುಡುಗನೊಬ್ಬ ಎಐ ಬರೆದ ಹಾಲಿನ ಲೆಕ್ಕದ ಪ್ರೋಗ್ರಾಂ ತಂದ. ಅಚ್ಚುಕಟ್ಟಾಗಿತ್ತು, ಸರಿಯಾಗಿಯೂ ಓಡಿತು. ‘ಹತ್ತು ದಿನದ ಬಟವಾಡೆಯನ್ನು ಹದಿನೈದು ದಿನಕ್ಕೆ ಮಾಡು, ಎಐ ಕೇಳಬೇಡ’ ಎಂದೆ. ನಲವತ್ತು ಸಾಲಿನಲ್ಲಿ 10 ಎಂಬ ಅಂಕಿ ಮೂರು ಕಡೆ ಇತ್ತು. ಅವನು ಮೂರನ್ನೂ ಬದಲಿಸಿದ. ಅದರಲ್ಲೊಂದು ದಿನಗಳ ಲೆಕ್ಕವೇ ಅಲ್ಲ, ಸಂಘಕ್ಕೆ ಹಿಡಿದುಕೊಳ್ಳುವ ಹತ್ತು ರೂಪಾಯಿ.

ಎಐ ಬಳಸಿ, ಬೇಡವೆನ್ನುವುದಿಲ್ಲ. ಹತ್ತಿರದಲ್ಲಿ ಕೇಳಲು ಯಾರೂ ಇಲ್ಲದವರಿಗೆ ಅದು ವರವೇ. ಆದರೆ ‘ಬರೆದುಕೊಡು’ ಎನ್ನುವ ಬದಲು ‘ನಾನು ಬರೆದದ್ದರಲ್ಲಿ ಈ ದೋಷ ಬಂದಿದೆ, ಏಕೆ ಎಂದು ಹೇಳು, ಸರಿಪಡಿಸಬೇಡ’ ಎಂದು ಕೇಳಿ. ಕನ್ನಡದಲ್ಲೇ ಕೇಳಬಹುದು.

ಎರಡನೇ ಭಾಷೆ ಯಾವಾಗ?

ನೋಡದೆ, ಕೇಳದೆ, ನಿಮ್ಮದೇ ಯೋಚನೆಯ ನೂರು ಸಾಲಿನ ಪ್ರೋಗ್ರಾಂ ಬರೆದ ಮೇಲೆ. ಆಗ ಎರಡನೆಯದು ಮೊದಲಿನದರ ಕಾಲುಭಾಗದ ಸಮಯಕ್ಕೆ ಬರುತ್ತದೆ. ಲೂಪ್ ಲೂಪೇ, ಷರತ್ತು ಷರತ್ತೇ, ವೇಷ ಮಾತ್ರ ಬೇರೆ. ಸಣ್ಣ ಮೋಸಗಳಿರುತ್ತವೆ: ಐದನ್ನು ಎರಡರಿಂದ ಭಾಗಿಸು ಎಂದರೆ ಪೈಥಾನ್ 2.5 ಎನ್ನುತ್ತದೆ, ಸಿ 2 ಎಂದು ಸುಮ್ಮನಾಗುತ್ತದೆ. ಮೊದಲ ಭಾಷೆ ತಪ್ಪಾಗಿ ಆರಿಸಿದೆನೇನೋ ಎಂದು ಮೂರನೇ ವಾರದಲ್ಲಿ ಎಲ್ಲರಿಗೂ ಅನ್ನಿಸುತ್ತದೆ. ಆ ವಾರ ಭಾಷೆ ಬದಲಿಸಬೇಡಿ.

ಸರಿ, ಇವತ್ತು ಸಂಜೆ ಏನು ಮಾಡಲಿ?

ಪೈಥಾನ್ ಇಳಿಸಿಕೊಳ್ಳಿ. ವಿಂಡೋಸ್‌ನಲ್ಲಿ ಹಾಕಿಕೊಳ್ಳುವಾಗ ಮೊದಲ ಕಿಟಕಿಯ ಕೆಳಗೆ ‘ಪಾತ್‌ಗೆ ಸೇರಿಸು’ ಎಂಬರ್ಥದ ಚೌಕ ಕಂಡರೆ ಅದಕ್ಕೆ ಗುರುತು ಹಾಕುವುದನ್ನು ಮರೆಯಬೇಡಿ. ಮರೆತವರೆಲ್ಲ ಮರುದಿನ ನನ್ನ ಬಳಿ ಬಂದಿದ್ದಾರೆ. ಬರೆಯಲು ಥಾನಿ ಎಂಬ ಉಚಿತ ತಂತ್ರಾಂಶ ಚೆನ್ನಾಗಿದೆ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸಬರಿಗೆಂದೇ ಮಾಡಿದ್ದು. ಅದರ ಜೊತೆಯಲ್ಲೇ ಪೈಥಾನ್ ಬರುವುದರಿಂದ ಚೌಕದ ರಗಳೆಯೂ ತಪ್ಪುತ್ತದೆ. ಒಂದೊಂದೇ ಸಾಲು ಓಡಿಸಿ ಯಾವ ಹೆಸರಿನಲ್ಲಿ ಏನಿದೆ ಎಂದು ಪಕ್ಕದಲ್ಲೇ ತೋರಿಸುತ್ತದೆ.

ಮೇಲಿನ ಮೂರು ಸಾಲು ಟೈಪ್ ಮಾಡಿ, ಒಟ್ಟು ಎಷ್ಟೆಂದು ತೋರಿಸುವ ನಾಲ್ಕನೆಯದನ್ನು ನೀವೇ ಹುಡುಕಿ ಸೇರಿಸಿ. 420 ಬಂದ ಮೇಲೆ ಮೂರನೇ ಸಾಲಿನ ‘ದರ’ವನ್ನು ಬೇಕೆಂದೇ ‘ದಾರ’ ಎಂದು ಕೆಡಿಸಿ ಮತ್ತೆ ಓಡಿಸಿ. ಕೆಂಪು ಅಕ್ಷರಗಳಲ್ಲಿ ಏನೋ ಬರುತ್ತದೆ. ಗಾಬರಿಯಾಗದೆ ಅದರ ಕೊನೆಯ ಸಾಲನ್ನು ಮಾತ್ರ ಓದಿ, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಳ್ಳಿ.